ಹದಿನಾಲ್ಕನೆಯವನು

“ರೀ! ಏನ್ ಮಾಡ್ತಿದ್ದೀರಿ ಅಲ್ಲಿ?”

ಲೋರ್ನಾಳ ಕೂಗಿಗೆ ಚರ್ಚಿನ ನೆಲಮಾಳಿಗೆಯೇ ಬೆಚ್ಚಿಬಿತ್ತು. ಆ ಮನುಷ್ಯ ಮಾತ್ರ ಬೆಚ್ಚಲಿಲ್ಲ. ಆರಡಿ ಎತ್ತರ, ಎಣ್ಣೆಕಲೆ ಬಿದ್ದ ಕಂದು ಜಾಕೆಟ್ಟು, ಕಿವಿ ಮುಚ್ಚುವ ಟೋಪಿ. ಅವಳು ಮಧ್ಯಾಹ್ನವಿಡೀ ಬೆನ್ನು ಬಗ್ಗಿಸಿ ಜೋಡಿಸಿದ್ದ ನಲವತ್ತು ಕುರ್ಚಿಗಳನ್ನು ಒಂದೊಂದಾಗಿ ಮಡಚಿ ಗೋಡೆಗೆ ಒರಗಿಸುತ್ತಿದ್ದ!

“ಕುರ್ಚಿ ಮಡಚ್ತಿದ್ದೀನಿ,” ಎಂದ, ತಿರುಗಿಯೂ ನೋಡದೆ.

“ಅದು ನನಗೂ ಕಾಣುತ್ತೆ! ಇನ್ನು ಹತ್ತು ನಿಮಿಷಕ್ಕೆ ಗವರ್ನರ್ ಬರ್ತಾರೆ ಕಣ್ರೀ!”

“ಅದಕ್ಕೇ ಮಡಚ್ತಿರೋದು. ಬಂದಿರೋದು ನಾಲ್ಕು ಜನ. ನಲವತ್ತು ಕುರ್ಚೀಲಿ ನಾಲ್ಕು ಜನ ಕೂತ್ರೆ ಸಾವಿನ ಮನೆ ಥರ ಇರುತ್ತೆ. ಐದು ಕುರ್ಚೀಲಿ ಕೂತ್ರೆ...” ಈಗ ತಿರುಗಿದ. ಕಣ್ಣಲ್ಲಿ ತುಂಟ ನಗು. “ಹೌಸ್‌ಫುಲ್!”

‘ಎಂಥಾ ಅಧಿಕಪ್ರಸಂಗಿ!’ ಅಂದುಕೊಂಡಳು ಲೋರ್ನಾ. ಆದರೆ ಕೈ ಸುಮ್ಮನಿರಲಿಲ್ಲ. ತಾನೂ ಒಂದು ಕುರ್ಚಿ ಮಡಚಿದಳು.

ಅಯೋವಾ ರಾಜ್ಯದ ನಾರ್ಡ್‌ಬಿ ಎಂಬ ಆ ಸಣ್ಣ ಊರಿನ ಶಾಲೆಯಲ್ಲಿ ಲೋರ್ನಾ ವೆಸ್ಟರ್‌ಗಾರ್ಡ್ ಅಡುಗೆಯವಳು. ಮೂವತ್ನಾಲ್ಕು ವರ್ಷ, ಒಂಟಿ. ಅವನು ವೆಂಡಲ್ ಕ್ರೂಸ್, ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಸರ್ಕಾರಿ ಲಾರಿಯ ಚಾಲಕ. ಅಷ್ಟು ಚಿಕ್ಕ ಊರಲ್ಲಿದ್ದೂ ಅವರಿಬ್ಬರೂ ಮಾತಾಡಿದ್ದು ಅದೇ ಮೊದಲು.

ಗವರ್ನರ್ ಆಡ್ರಾ ಪೆಲ್ಟಿಯರ್ ಬಂದರು. ದೂರದ ಮೇನ್ ರಾಜ್ಯದವರು, ದೇಶದ ಅಧ್ಯಕ್ಷೆಯಾಗಲು ಹೊರಟವರು. ಪತ್ರಿಕೆಗಳಲ್ಲಿ ಅವರ ಹೆಸರು ಕೊನೆಯ ಸಾಲಿನಲ್ಲಿ ಬರುತ್ತಿತ್ತು, ಕೆಲವೊಮ್ಮೆ ಅದೂ ಇಲ್ಲ. ಒದ್ದೆ ಬೂಟು ಕಳಚಿಟ್ಟು, ಬರೀ ಕಾಲುಚೀಲದಲ್ಲಿ ಐದನೆಯ ಕುರ್ಚಿಯ ಮೇಲೆ ಕುಳಿತು ಒಂದೂವರೆ ಗಂಟೆ ಮಾತಾಡಿದರು. ಅದಕ್ಕಿಂತ ಹೆಚ್ಚು ಕೇಳಿಸಿಕೊಂಡರು.

“ನಾಲ್ಕೇ ಜನ ಇದ್ದೀವಿ. ಬೇಜಾರಾಗಲ್ವಾ ಮೇಡಂ?” ಎಂದು ವೆಂಡಲ್ ಕೇಳಿಯೇಬಿಟ್ಟ.

ಲೋರ್ನಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಗವರ್ನರ್ ಜೋರಾಗಿ ನಕ್ಕರು. “ನನ್ನ ಮೊಟ್ಟಮೊದಲನೇ ಸಭೆಗೆ ಮೂರು ಜನ ಬಂದಿದ್ರು. ಅದರಲ್ಲಿ ಒಬ್ಬರು ನಮ್ಮಮ್ಮ. ಇವತ್ತು ಒಬ್ಬರು ಜಾಸ್ತಿ ಇದ್ದೀರಿ!”

ನಾಳೆ ಇಡೀ ದೇಶವನ್ನು ಆಳಬಹುದಾದ ಹೆಂಗಸು... ಒಬ್ಬ ಲಾರಿ ಚಾಲಕನ ಹೆಸರು ಕೇಳಿ, ಅವನ ರಸ್ತೆಯ ಕಷ್ಟ ಕೇಳಿ, ಪುಸ್ತಕದಲ್ಲಿ ಬರೆದುಕೊಂಡು ಹೋದರು. ಲೋರ್ನಾಳ ಮೈ ಜುಮ್ಮೆಂದಿತು. ಅವಳು ಆ ದಿನವೇ ನಿರ್ಧರಿಸಿದಳು. ನಾರ್ಡ್‌ಬಿಯಲ್ಲಿ ಈ ಹೆಂಗಸಿನ ಹೆಸರು ಲೆಕ್ಕಕ್ಕೆ ಬರಲೇಬೇಕು.

ಆಮೇಲೆ ಪ್ರತಿ ಶನಿವಾರ ಅವಳು ಮನೆಮನೆಗೆ ಹೋಗಿ ಬಾಗಿಲು ತಟ್ಟಿದಳು. ಎರಡನೆಯ ಶನಿವಾರ ವೆಂಡಲ್ ಕೂಡ ಬಂದ. ಮೂರನೆಯ ಶನಿವಾರದ ಹೊತ್ತಿಗೆ ‘ನೀವು’ ಹೋಗಿ ‘ನೀನು’ ಆಗಿತ್ತು. ಜನವರಿಯಲ್ಲಂತೂ ಸೋಮವಾರದಿಂದಲೇ ಅವಳ ಮನಸ್ಸು ಶನಿವಾರದ ದಾರಿ ಕಾಯುತ್ತಿತ್ತು... ಗವರ್ನರ್‌ಗಾಗಿ ಮಾತ್ರ ಅಲ್ಲ ಅಂತ ಅವಳಿಗೂ ಗೊತ್ತಿತ್ತು.

ಒಂದೇ ಒಂದು ಮುಳ್ಳು. ಗವರ್ನರ್ ಕಡೆಗೆ ನಿಲ್ಲುತ್ತೇನೆಂದು ಒಪ್ಪಿದವರೆಲ್ಲ ಒಂದು ಕಾರ್ಡಿಗೆ ಸಹಿ ಹಾಕುತ್ತಿದ್ದರು. ಹದಿಮೂರು ಕಾರ್ಡು ಸೇರಿದ್ದವು. ವೆಂಡಲ್ ಮಾತ್ರ ಪೆನ್ನು ಮುಟ್ಟಲಿಲ್ಲ.

“ನಾಲಿಗೆ ಮೇಲೆ ಹೇಳಿದ್ದು ಸಾಲದಾ ಲೋರ್ನಾ? ಕಾಗದ ಯಾಕೆ?” ಎಂದು ನಕ್ಕುಬಿಟ್ಟ.

‘ಸಹಿ ಹಾಕೋಕೆ ಹೆದರೋನು ನಾಳೆ ಇನ್ಯಾವುದಕ್ಕೆ ಒಪ್ತಾನೆ?’ ಅಂದುಕೊಂಡು ಅವಳು ಆ ರಾತ್ರಿ ನಿದ್ದೆಗೆಟ್ಟಳು.

ಕಾಕಸ್ ದಿನ ಬಂತು. ಅಧ್ಯಕ್ಷ ಸ್ಥಾನಕ್ಕೆ ಪಕ್ಷದಿಂದ ಯಾರು ನಿಲ್ಲಬೇಕೆಂದು ಅಯೋವಾದವರು ಆರಿಸುವ ರೀತಿಯೇ ಬೇರೆ. ಮತಪೆಟ್ಟಿಗೆ ಇಲ್ಲ, ಮರೆಮಾಡುವ ಪರದೆ ಇಲ್ಲ. ಸಂಜೆ ಏಳಕ್ಕೆ ಶಾಲೆಯ ಸೂರಿನಡಿಯ ಆಟದ ಅಂಗಳಕ್ಕೆ ಊರವರೆಲ್ಲ ಬರಬೇಕು. ತಮಗೆ ಬೇಕಾದವರ ಹೆಸರು ಅಂಟಿಸಿದ ಮೂಲೆಯಲ್ಲಿ, ಅಕ್ಕಪಕ್ಕದ ಮನೆಯವರ ಕಣ್ಣೆದುರೇ ಹೋಗಿ ನಿಲ್ಲಬೇಕು. ತಲೆ ಎಣಿಸುತ್ತಾರೆ, ಅಷ್ಟೇ! ಬಂದವರಲ್ಲಿ ನೂರಕ್ಕೆ ಹದಿನೈದರಷ್ಟು ಜನ ಸೇರದ ಗುಂಪು ಗುಂಪೇ ಅಲ್ಲ. ಅರ್ಧ ಗಂಟೆಯೊಳಗೆ ಜನ ಕೂಡಿಸಿಕೊಳ್ಳಬೇಕು, ಇಲ್ಲವೇ ಚದುರಬೇಕು.

ಅಂದು ಸುರಿದ ಹಿಮಕ್ಕೆ ಲೆಕ್ಕವಿರಲಿಲ್ಲ. ಆದರೂ ಜನ ಬಂದರು! ಊರುಗೋಲು ಹಿಡಿದವರು ಬಂದರು, ಕಂಕುಳಲ್ಲಿ ಮಗು ಎತ್ತಿಕೊಂಡವರು ಬಂದರು. ಬ್ಯಾಸ್ಕೆಟ್‌ಬಾಲ್ ಕಂಬದ ಕೆಳಗಿನ ತನ್ನ ಮೂಲೆಯಲ್ಲಿ ನಿಂತು ಲೋರ್ನಾ ಅವರನ್ನೆಲ್ಲ ನೋಡುತ್ತಿದ್ದಳು. ‘ಯಾರೂ ಕರೆದಿಲ್ಲ, ಯಾರೂ ಏನೂ ಕೊಡಲ್ಲ. ಎದ್ದು ಬಂದಿದ್ದಾರಲ್ಲ ಇಷ್ಟು ಜನ...’

ಅವಳ ಹದಿಮೂರು ಮಂದಿ ಆಗಲೇ ಸೇರಿದ್ದರು, ಅವಳೂ ಸೇರಿ. ಹಾಜರಿ ಎಂಬತ್ನಾಲ್ಕು ಅಂತ ಯಾರೋ ಕೂಗಿದರು. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹದಿಮೂರು ಸಾಕು! ಸರಿಯಾಗಿ ಸಾಕು!

ಇನ್ನೇನು ಏಳು ಹೊಡೆಯಬೇಕು, ಬಾಗಿಲು ತೆರೆಯಿತು.

ವೆಂಡಲ್! ತೋಳಲ್ಲಿ ತೊಂಬತ್ತೊಂದು ವರ್ಷದ ಟಿಲ್ಲಿ ಅಜ್ಜಿ. ಹಿಂದೆ ವೃದ್ಧಾಶ್ರಮದ ಇನ್ನೂ ಏಳು ಜನ. ಎಂಟೂ ಜನರ ಎದೆಯ ಮೇಲೆ ಸೆನೆಟರ್ ಹಾಲ್ಕಮ್ ಅವರ ನೀಲಿ ಚೀಟಿ! ಎಲ್ಲರಿಗಿಂತ ಮುಂದಿದ್ದ ದೊಡ್ಡ ಅಭ್ಯರ್ಥಿ ಆ ಸೆನೆಟರ್. ಅವರ ಮೂಲೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ವೆಂಡಲ್ ನೇರವಾಗಿ ಅಲ್ಲಿಗೇ ಹೋದ. ಒಬ್ಬೊಬ್ಬರನ್ನೇ ಕೂರಿಸಿದ.

ಲೋರ್ನಾ ಬೆರಳು ಮಡಚಿ ಮತ್ತೆ ಲೆಕ್ಕ ಹಾಕಿದಳು. ಬರೀ ಎಂಟು ಜನ ಅಲ್ಲ, ವೆಂಡಲ್ ಸೇರಿ ಒಂಬತ್ತು... ಹಾಜರಿ ಈಗ ತೊಂಬತ್ತಮೂರು. ತೊಂಬತ್ತಮೂರಕ್ಕೆ ಹದಿನಾಲ್ಕು ಬೇಕು!

ವೆಂಡಲ್ ಕೈಯ ಹಿಮ ಒರೆಸಿಕೊಳ್ಳುತ್ತ ಅವಳ ಮೂಲೆಗೆ ಬಂದ. “ಸ್ವಲ್ಪ ಜಾಗ ಬಿಡು ಲೋರ್ನಾ.”

ಅವನ ಭುಜದ ಮೇಲೆ ನೀಲಿ ಚೀಟಿ ಹೊಳೆಯುತ್ತಿತ್ತು.

“ನಾಚಿಕೆ ಆಗಲ್ವಾ ನಿನಗೆ?” ಅವಳ ದನಿ ಇಡೀ ಅಂಗಳಕ್ಕೆ ಕೇಳಿಸಿತು. “ಮೂರು ತಿಂಗಳು ನನ್ನ ಜೊತೆ ತಿರುಗಿದ್ದು ಇದಕ್ಕೇನಾ? ಸಹಿ ಯಾಕೆ ಹಾಕ್ಲಿಲ್ಲ ಅಂತ ಈಗ ಗೊತ್ತಾಯ್ತು! ಹೋಗು, ಎಲ್ಲಿಂದ ಬಂದ್ಯೋ ಅಲ್ಲಿಗೇ ಹೋಗು! ನಿನ್ನ ಭಿಕ್ಷೆ ನಮಗೆ ಬೇಡ!”

ವೆಂಡಲ್‌ನ ಮುಖ ಬಿಳಿಚಿತು. ಹಿಂತಿರುಗಿ ನಡೆದವನು ಸೆನೆಟರ್ ಮೂಲೆಗೂ ಹೋಗಲಿಲ್ಲ. ಯಾವ ಹೆಸರೂ ಇಲ್ಲದ ಗೋಡೆಗೆ ಒರಗಿ, ಒಬ್ಬನೇ ನಿಂತುಬಿಟ್ಟ.

ಶಾಲೆಯ ಸಂಗೀತದ ಮೇಷ್ಟ್ರು ಡ್ವೇನ್ ಆ ದಿನದ ಸಭಾಪತಿ. ಎಣಿಸಿ ಮುಗಿಸಿ ಕೂಗಿದರು: “ಗವರ್ನರ್ ಪೆಲ್ಟಿಯರ್, ಹದಿಮೂರು! ಒಬ್ಬರು ಕಡಿಮೆ! ಅರ್ಧ ಗಂಟೆ ಟೈಮಿದೆ ನೋಡಿ!”

ಒಬ್ಬರು. ಒಂದೇ ಒಂದು ತಲೆ!

ಲೋರ್ನಾ ಅಂಗಳವೆಲ್ಲ ಓಡಾಡಿದಳು. ಕೈ ಹಿಡಿದು ಕೇಳಿದಳು, ಗೋಗರೆದಳು. ದಿನವೂ ಅವಳ ಕೈಯಡುಗೆ ಉಣ್ಣುವ ಮಕ್ಕಳ ಅಪ್ಪ ಅಮ್ಮಂದಿರು ಅವರು. ಎಲ್ಲರೂ ಅಕ್ಕರೆಯಿಂದ ತಲೆಯಾಡಿಸಿದರೇ ಹೊರತು ಒಬ್ಬರೂ ಕದಲಲಿಲ್ಲ. ಕೊನೆಗೆ ಟಿಲ್ಲಿ ಅಜ್ಜಿಯ ಮುಂದೆ ಮಂಡಿಯೂರಿದಳು.

“ಅಜ್ಜಿ, ನೀವೊಬ್ಬರು ಬಂದ್ರೆ...”

“ಆಗಲ್ಲ ಕಣೇ. ನಾನು ಸೆನೆಟರ್ ಕಡೆ. ಹದಿನೇಳು ಚುನಾವಣೆ ನೋಡಿದ್ದೀನಿ, ಒಂದರಲ್ಲೂ ಜಾಗ ಬಿಟ್ಟು ಎದ್ದಿಲ್ಲ.” ಅಜ್ಜಿ ಅವಳ ಕೆನ್ನೆ ತಟ್ಟಿದರು. “ಮತ ಕೊಡಲ್ಲ, ಬುದ್ಧಿ ಬೇಕಾದ್ರೆ ಪುಕ್ಕಟೆ ಕೊಡ್ತೀನಿ. ಆ ಹುಡುಗನ್ನ ಯಾಕೆ ಬೈದೆ?”

“ಅವನು ನಿಮ್ಮ ಕಡೆಯವನಲ್ವಾ? ಚೀಟಿ ಅಂಟಿಸ್ಕೊಂಡಿದ್ದಾನೆ!”

“ಅಯ್ಯೋ ಮಂಕೇ! ಅದು ನಾನು ಅಂಟಿಸಿದ್ದು! ನನ್ನ ಎತ್ಕೊಂಡು ಮೆಟ್ಲು ಹತ್ತಿದ್ನಲ್ಲ, ಆಗ. ಅವನಿಗೆ ಗೊತ್ತೂ ಇಲ್ಲ!”

ಗೋಡೆಯ ಕಡೆ ತಿರುಗಿದ ಲೋರ್ನಾಳ ಗಲ್ಲ ಹಿಡಿದು ಅಜ್ಜಿ ಮತ್ತೆ ತಮ್ಮತ್ತ ತಿರುಗಿಸಿಕೊಂಡರು.

“ಕೇಳಿಲ್ಲಿ. ನಮ್ಮ ಡ್ರೈವರು ಈ ಹಿಮದಲ್ಲಿ ಬರಲ್ಲ ಅಂದುಬಿಟ್ಟ. ನಾವು ಎಂಟೂ ಜನ ಕೋಟು ಹಾಕ್ಕೊಂಡು ಕಿಟಕೀಲಿ ಕೂತಿದ್ವಿ. ಹಿಮ ತಳ್ತಾ ಹೋಗ್ತಿದ್ದ ಇವನು ನೋಡ್ದ. ಚರ್ಚಿನ ವ್ಯಾನು ತಂದ. ‘ಹತ್ತಿ’ ಅಂದ. ಯಾರ ಕಡೆ ಅಂತ ಒಂದ್ ಮಾತು ಕೇಳಿದ್ರೆ ಕೇಳು! ಇಲ್ಲಿ ಬಂದ ಮೇಲೆ ಮೊದಲು ತಾನು ಇಳಿದು ಬಾಗಿಲಲ್ಲಿ ಹಾಜರಿ ಕೇಳ್ಕೊಂಡು ಬಂದ. ವ್ಯಾನಲ್ಲಿ ಸುಮ್ನೆ ಕೂತುಬಿಟ್ಟ. ‘ಏನಪ್ಪಾ?’ ಅಂದೆ. ‘ನೀವೆಲ್ಲ ಇಳಿದ್ರೆ ಲೋರ್ನಾಗೆ ಹದಿಮೂರು ಸಾಲಲ್ಲ ಅಜ್ಜಿ’ ಅಂದ.”

“ಆಮೇಲೆ...?”

“‘ಹಾಗಾದ್ರೆ ಮನೆಗೇ ವಾಪಸ್ ಬಿಡಪ್ಪ’ ಅಂದೆ. ನಕ್ಕ. ‘ಹದಿನಾಲ್ಕನೆಯವನು ನಾನಿದ್ದೀನಲ್ಲ’ ಅಂದ. ಎತ್ತಿ ಇಳಿಸ್ದ.”

ಅಜ್ಜಿ ಇನ್ನೂ ಏನೋ ಹೇಳುತ್ತಿದ್ದರು. ಲೋರ್ನಾಗೆ ಕೇಳಿಸುತ್ತಿರಲಿಲ್ಲ. ತನಗೆ ಬೇಕಾದವರು ಸೋಲಬಹುದು ಎಂದು ಗೊತ್ತಿದ್ದೂ, ಎದುರು ಗುಂಪಿನ ಎಂಟು ಮುದುಕರನ್ನು ಕೈಹಿಡಿದು ಒಳಗೆ ತಂದಿದ್ದಾನೆ! ಒಬ್ಬರ ಮುಂದೂ ಹೇಳಿಕೊಂಡಿಲ್ಲ! ಚರ್ಚಿನ ನೆಲಮಾಳಿಗೆಯಲ್ಲಿ ಗವರ್ನರನ್ನು ನೋಡಿ ಬೆರಗಾಗಿದ್ದಳು ಅವಳು. ಇವನು ಮೂರು ತಿಂಗಳು ಪಕ್ಕದಲ್ಲೇ ನಡೆದರೂ ಇವನನ್ನು ಸರಿಯಾಗಿ ನೋಡಿರಲೇ ಇಲ್ಲ. ‘ಎಂಥಾ ಮನುಷ್ಯ ಇವನು... ಇಂಥವನಿಗೆ ಭಿಕ್ಷೆ ಅಂದೆನಲ್ಲ!’ ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ತಲೆಯೆತ್ತಿ ನೋಡಿದಳು. ವೆಂಡಲ್ ಟೋಪಿ ಹಾಕಿಕೊಂಡು ಬಾಗಿಲ ಕಡೆ ಹೊರಟಿದ್ದ!

“ವೆಂಡಲ್!”

ಅಷ್ಟಗಲದ ಅಂಗಳವನ್ನು ಅವಳೊಬ್ಬಳೇ ದಾಟಿದಳು. ಒದ್ದೆ ಬೂಟು ಹೆಜ್ಜೆಹೆಜ್ಜೆಗೂ ಕಿರುಗುಟ್ಟಿತು. ಊರಿಗೆ ಊರೇ ನೋಡುತ್ತಿತ್ತು.

“ಎಂಟಕ್ಕೆ ಡ್ಯೂಟಿ ಇದೆ. ಹೆದ್ದಾರಿ ಮುಚ್ಚೋಗ್ತಿದೆ,” ಎಂದ, ನೆಲ ನೋಡುತ್ತ.

“ತಪ್ಪು ನನ್ನದು. ಎಲ್ಲರ ಮುಂದೆ ಬೈದೆ. ಎಲ್ಲರ ಮುಂದೇ ಹೇಳ್ತೀನಿ... ತಪ್ಪು ನನ್ನದು ವೆಂಡಲ್.”

ಅವನು ಜಾಕೆಟ್ಟಿನ ಜಿಪ್ ಎಳೆದ, ಬಿಟ್ಟ. “ಒಂದು ತಲೆ ಕಡಿಮೆ ಬಿತ್ತು ಅಂತ ಬಂದ್ಯಾ?”

ಹೌದೆಂದರೂ ಸುಳ್ಳು. ಇಲ್ಲವೆಂದರೂ ಸುಳ್ಳು.

“ಅದಕ್ಕೂ ಬಂದೆ. ಗವರ್ನರ್ ಗೆಲ್ಲಬೇಕು ನನಗೆ. ಆದ್ರೆ ಇಪ್ಪತ್ತು ಜನ ಇದ್ದಿದ್ರೂ ಬರ್ತಿದ್ದೆ ಕಣೋ. ನೀನು ಆ ಮೂಲೆಗೆ ಹೋದಾಗ ಮತ ಹೋಯ್ತು ಅಂತ ಹೊಟ್ಟೆ ಉರೀಲಿಲ್ಲ ನನಗೆ. ನೀನು ಹೋದೆ ಅಂತ ಉರೀತು.” ಕಣ್ಣು ತುಂಬಿ ಬಂತು. “ನೀನಂದ್ರೆ ನನಗೆ ಪ್ರಾಣ... ಸಾಕಾ?”

ಸೆನೆಟರ್ ಮೂಲೆಯಲ್ಲಿ ಯಾರೋ ಸೀಟಿ ಹೊಡೆದರು. ವೆಂಡಲ್‌ನ ಕಿವಿಯವರೆಗೂ ಕೆಂಪೇರಿತು.

“ಇಷ್ಟು ಜನರ ಮುಂದೆ ಹೇಳ್ಬೇಕಿತ್ತಾ ಲೋರ್ನಾ?”

“ಈ ಊರಲ್ಲಿ ಮತಾನೇ ಗುಟ್ಟಲ್ಲ. ಪ್ರೀತಿ ಹೇಗೆ ಗುಟ್ಟಾಗಿರುತ್ತೆ?”

ಅವನು ನಕ್ಕ. ನಕ್ಕರೂ ಕಣ್ಣು ಒದ್ದೆಯಾಗಿತ್ತು. “ಅಪ್ಪ ಹೇಳ್ತಿದ್ರು, ಸಹಿ ಹಾಕಿಸ್ಕೊಂಡು ನಂಬೋದು ನಂಬಿಕೆ ಅಲ್ಲ ಅಂತ. ನೀನು ಸುಮ್ನೆ ನಂಬ್ತೀಯಾ ಅಂತ ನೋಡೋ ಆಸೆ ನನಗೆ. ಆ ಹಟ ನನ್ನ ತಪ್ಪು.”

“ನಂಬ್ತೀನಿ.”

“ರೀ, ಎರಡೇ ನಿಮಿಷ ಉಳಿದಿರೋದು!” ಡ್ವೇನ್ ಮೇಷ್ಟ್ರು ಗಡಿಯಾರ ತೋರಿಸಿದರು. “ಪ್ರೀತಿ ಮಾಡೋರು ಬೇಗ ಒಂದು ಮೂಲೆ ಸೇರ್ಕೊಳ್ಳಿ!”

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಲೋರ್ನಾ ಅವನ ಭುಜದ ನೀಲಿ ಚೀಟಿಯನ್ನು ಮೆಲ್ಲಗೆ ಕಿತ್ತಳು. ಇಬ್ಬರೂ ನಡೆದು ಬಂದು ಕಂಬದ ಕೆಳಗೆ ನಿಂತರು.

ಎರಡನೆಯ ಎಣಿಕೆ. ಒಬ್ಬೊಬ್ಬರೇ ತಮ್ಮ ಸಂಖ್ಯೆಯನ್ನು ಕೂಗಬೇಕು. “ಒಂದು!” “ಎರಡು!” ಹಾಲು ಮಾರುವವನು, ದಾದಿ, ಹೊಸದಾಗಿ ಹದಿನೆಂಟು ತುಂಬಿದ ಹುಡುಗಿ... ಒಂದೊಂದು ದನಿಗೂ ಲೋರ್ನಾಳ ಮೈಮೇಲೆ ಮುಳ್ಳೆದ್ದವು. ಎಷ್ಟು ದೊಡ್ಡ ದೇಶ, ಎಷ್ಟು ದೊಡ್ಡ ಪದವಿ! ಅದು ಶುರುವಾಗುವುದು ಇಲ್ಲಿ, ಹೀಗೆ, ಈ ಜನರ ಗಂಟಲಿನಿಂದ.

“ಹದಿಮೂರು!” ಎಂದಳು ಅವಳು.

ವೆಂಡಲ್ ಟೋಪಿ ತೆಗೆದ.

“ಹದಿನಾಲ್ಕು!”

ಮೂರು ತಿಂಗಳಲ್ಲಿ ವೆಂಡಲ್ ಅಷ್ಟು ಜೋರಾಗಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಅವಳ ಗುಂಪು ಕುಣಿದಾಡಿತು. ಆಚೆ ಮೂಲೆಯಲ್ಲಿ ಟಿಲ್ಲಿ ಅಜ್ಜಿ ಕೂತಲ್ಲೇ ಚಪ್ಪಾಳೆ ತಟ್ಟಿದರು, ಸೆನೆಟರ್ ಕಡೆಯವರು ಕಣ್ಣು ಬಿಟ್ಟರೂ ನಿಲ್ಲಿಸಲಿಲ್ಲ.

ಆ ಗದ್ದಲದ ನಡುವೆ ಲೋರ್ನಾ ಅವನ ಕೈಹಿಡಿದಳು. ಚಳಿಗೆ ಬಿರುಕು ಬಿಟ್ಟ, ಒರಟಾದ, ಬೆಚ್ಚಗಿನ ಕೈ.

“ಡ್ವೇನ್ ಇನ್ನೂ ಬರ್ಕೊಂಡಿಲ್ಲ,” ಎಂದಳು ಪಿಸುದನಿಯಲ್ಲಿ. “ಮನಸ್ಸು ಬದಲಾಯಿಸೋದಿದ್ರೆ ಈಗಲೇ ಹೇಳ್ಬಿಡು.”

ವೆಂಡಲ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಪೆನ್ನಲ್ಲಿ ಬರ್ಕೊಳ್ಳೋಕೆ ಹೇಳು.”