ದೂರಿಲ್ಲದ ಕಂಪ್ಯೂಟರ್

ಬೆಳಿಗ್ಗೆ ಎಂಟೂಕಾಲಿಗೆ ಕಣ್ಣಾಸ್ಪತ್ರೆಯ ಸ್ವಾಗತ ಕೌಂಟರಿನಾಕೆ ಕಂಪ್ಯೂಟರ್ ಆನ್ ಮಾಡಿದಳು. ಪರದೆ ಕೆಂಪಗಾಯಿತು. 'ನಿಮ್ಮ ಕಡತಗಳಿಗೆ ಬೀಗ ಬಿದ್ದಿದೆ' — ಇಷ್ಟೇ ಬರಹ. ಔಷಧಿ ಕೌಂಟರಿನಲ್ಲೂ ಅದೇ, ಕಡತ ವಿಭಾಗದಲ್ಲೂ ಅದೇ. ಒಂಬತ್ತರ ಹೊತ್ತಿಗೆ ಇಪ್ಪತ್ತೆರಡು ಕಂಪ್ಯೂಟರುಗಳೂ ಕೆಂಪಗೆ ಕೂತಿದ್ದವು. ಯಾರ ಯಾವ ಕಣ್ಣು ಎಂದು ನೋಡಿ ಹೇಳಲು ಆಗದೆ ಅಂದಿನ ಹದಿನಾಲ್ಕು ಶಸ್ತ್ರಚಿಕಿತ್ಸೆಗಳನ್ನು ಮುಂದಕ್ಕೆ ಹಾಕಿದರು.

ಹತ್ತೂವರೆಗೆ ನಾನೂ ಅಕ್ಕನೂ ಅಲ್ಲಿದ್ದೆವು. ಯಾರೋ ದೂರದಲ್ಲಿ ಕೂತು ಹಾಕುವ ಇಂಥ ಬೀಗಗಳು ಯಾವ ದಾರಿಯಲ್ಲಿ ಬಂದವೆಂದು ಪತ್ತೆ ಹಚ್ಚುವುದೇ ಅಕ್ಕನ ಕಸುಬು. ನಾನು ಶಾಲೆಯ ಚಿತ್ರಕಲೆ ಮೇಷ್ಟ್ರು. ರಜೆಯಲ್ಲಿ ಅವಳ ಕಾರು ಓಡಿಸುತ್ತೇನೆ, ಬ್ಯಾಗು ಹೊರುತ್ತೇನೆ, ಬೈಸಿಕೊಳ್ಳುತ್ತೇನೆ. "ನಿನಗೆ ಅರ್ಥವಾದ್ರೆ ಯಾರಿಗಾದ್ರೂ ಅರ್ಥವಾಗತ್ತೆ, ಅದಕ್ಕೇ ಕರ್ಕೊಂಡು ಬರೋದು" ಎಂದು ಅವಳೇ ಹೇಳುತ್ತಾಳೆ.

"ಇದರಲ್ಲಿ ಪತ್ತೆ ಮಾಡೋಕೆ ಏನಿದೆ?" ಎಂದರು ಮುಖ್ಯ ವೈದ್ಯೆ. "ಕಂಪ್ಯೂಟರುಗಳಿಗೆ ಅಪ್‌ಡೇಟ್ ಹಾಕೋದು ಇವರ ಕೆಲಸ. ಯಾವುದಕ್ಕೋ ಹಾಕಿಲ್ಲ. ಎಲ್ಲಕ್ಕೂ ಹಾಕಿದೀನಿ ಅಂತ ಬರೆದಿದಾರೆ. ಸಂಜೆಯೊಳಗೆ ಬೇರೆ ಕಾರಣ ಸಿಗದಿದ್ರೆ ಇವರು ನಾಳೆಯಿಂದ ಬರೋದು ಬೇಡ."

ಮೂಲೆಯಲ್ಲಿ ನಿಂತಿದ್ದ, ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಸಿಸ್ಟಂ ಮೇಡಂ ತಲೆಯೆತ್ತಿದರು. ಅತ್ತು ಮುಗಿಸಿದ ಮುಖ.

"ದಿನಾ ಸಂಜೆ ಎಲ್ಲದರ ಒಂದು ಪ್ರತಿ ತೆಗೆದು ಬೇರೆ ಡಿಸ್ಕಲ್ಲಿ ಇಟ್ಟಿದೀನಿ. ಎರಡು ದಿನದಲ್ಲಿ ಕಡತಗಳು ವಾಪಸ್ ಬರ್ತವೆ. ಆದ್ರೆ ನಾನು ಸುಳ್ಳು ಬರೆದಿಲ್ಲ ಮೇಡಂ."

"ಅಪ್‌ಡೇಟ್ ಹೇಗೆ ಹಾಕ್ತೀರಿ? ನನ್ನ ತಮ್ಮನಿಗೆ ತಿಳಿಯೋ ಹಾಗೆ ಹೇಳಿ."

"ಸಾಫ್ಟ್‌ವೇರಲ್ಲಿ ಆಗಾಗ ತೂತು ಸಿಗತ್ತೆ ಸರ್. ಕಂಪನಿಯೋರು ತೇಪೆ ಕಳಿಸ್ತಾರೆ. ತಿಂಗಳ ಎರಡನೇ ಬುಧವಾರ ಸಂಜೆ ನಾನು ಸರ್ವರಿಂದ ಎಲ್ಲಾ ಕಂಪ್ಯೂಟರಿಗೂ ಆ ತೇಪೆ ಹಾಕ್ತೀನಿ."

"ಎಲ್ಲವೂ ಸಿಗ್ತವಾ?"

"ಇಲ್ಲ. ಮೂರು ಯಾವಾಗ್ಲೂ ಸಿಗಲ್ಲ — ಸ್ವಾಗತ, ಔಷಧಿ, ಕಡತ. ಅವರು ಹೋಗುವಾಗ ಸ್ವಿಚ್ಚೇ ಆರಿಸಿ ಹೋಗ್ತಾರೆ. ಮರುದಿನ ಅವರೇ ಬಟನ್ ಒತ್ತಿ ಅಪ್‌ಡೇಟ್ ಮಾಡ್ಕೊಂಡು ಸಹಿ ಹಾಕ್ತಾರೆ."

"ಆ ಸಹಿ ನಿಜವೋ ಅಂತ ನೋಡ್ತೀರಾ?"

ಆಕೆ ತಡವರಿಸಿದರು. "ನೋಡಬೇಕಿತ್ತು."

ಮೂವರನ್ನೂ ನೋಡಲು ಹೋದೆವು. ಸ್ವಾಗತ ಕೌಂಟರಿನಾಕೆ ಮಾತಿನ ಮಲ್ಲಿ. ಅಪ್‌ಡೇಟ್ ಎಂದರೆ ಸಾಕು, ಉರಿದುಬಿದ್ದಳು. "ಅದು ಆದಾಗೆಲ್ಲ ನನ್ನ ಮಗಳ ಫೋಟೋ ಪರದೆಯಿಂದ ಮಾಯ! ಆದ್ರೂ ಮಾಡ್ತೀನಿ." ಔಷಧಿ ಕೌಂಟರಿನವನು ನಮ್ಮ ಮುಖವನ್ನೂ ನೋಡಲಿಲ್ಲ. "ಸಹಿ ಇದೆಯಲ್ಲ? ಮತ್ತೇನು ಕೇಳೋದು?" ನನ್ನ ಲೆಕ್ಕದಲ್ಲಿ ಇವನೇ ಕಳ್ಳ ಎಂದು ಆಗಲೇ ತೀರ್ಮಾನವಾಗಿಹೋಯಿತು.

ಕಡತ ವಿಭಾಗದ ಹಿರಿಯರನ್ನು ಇಡೀ ಆಸ್ಪತ್ರೆ ದೊಡ್ಡಪ್ಪ ಎನ್ನುತ್ತದೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಚೂರೂ ಧೂಳಿಲ್ಲದ ಮೇಜು. ನಾವು ಬಾಗಿಲಲ್ಲೇ ನಿಂತಿದ್ದರೂ, "ಯಾರದು? ಸಿಸ್ಟಂ ಮೇಡಮ್ಮಾ?" ಎಂದರು. ಅಲ್ಲವೆಂದು ತಿಳಿದ ಮೇಲೆ ಕುರ್ಚಿ ಎಳೆದು ಕೂರಿಸಿದರು.

"ಆ ಹುಡುಗಿ ಕೆಲಸದಲ್ಲಿ ಒಂದು ದಿನಾನೂ ಕುಂದು ಕಂಡಿಲ್ಲಮ್ಮ. ಬೇರೆಯವರ ಹಾಗೆ ಗೊಣಗೋ ಅಭ್ಯಾಸ ನನಗಿಲ್ಲ. ಅವಳನ್ನ ಕಳಿಸಬೇಡಿ ಅಂತ ಡಾಕ್ಟ್ರಿಗೆ ಹೇಳಿ."

ನನ್ನ ಪೆನ್ನು ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದಾಗ ಮೇಜಿನ ಕೆಳಗೆ ಕಂಪ್ಯೂಟರಿನ ನೆಟ್‌ವರ್ಕ್ ವೈರು ಕಾಣಿಸಿತು. ಅದನ್ನು ಕಣ್ಣಿನ ಬ್ಯಾಂಡೇಜಿಗೆ ಅಂಟಿಸುವ ಬಿಳಿ ಟೇಪಿನಿಂದ ಅಂಟಿಸಿದ್ದರು.

"ಕಣ್ಣಾಸ್ಪತ್ರೆ ಅಂದ್ರೆ ಇದು ನೋಡು, ವೈರಿಗೂ ಪಟ್ಟಿ ಕಟ್ಟಿದಾರೆ" ಎಂದು ಹೊರಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ. ಸಿಸ್ಟಂ ಮೇಡಮ್ಮನ ಬಳಿ ದೂರು ಪುಸ್ತಕ ಕೇಳಿದಳು. ಮುಂಬಾಗಿಲ ಪಕ್ಕ ದಾರದಲ್ಲಿ ನೇತುಹಾಕಿದ ದಪ್ಪ ಪುಸ್ತಕ ಅದು. ಕಂಪ್ಯೂಟರ್ ಕೈಕೊಟ್ಟರೆ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಓದಬಹುದು. ಊಟದ ಹೊತ್ತೆಲ್ಲ ಅಕ್ಕ ಅದನ್ನು ಹಾಳೆ ಹಾಳೆಯಾಗಿ ತಿರುವಿದಳು. 'ಪ್ರಿಂಟರು ಮುನಿಸಿಕೊಂಡಿದೆ.' 'ಅರ್ಧ ಗಂಟೆ ಗಿರಗಿರ ತಿರುಗಿತು, ನಾನು ಕೈಕಟ್ಟಿ ಕೂತೆ.' ನಾನು ಬಿದ್ದು ಬಿದ್ದು ನಕ್ಕೆ. ಒಂದು ಪುಟದಲ್ಲಿ ಅಕ್ಕನ ಬೆರಳು ನಿಂತಿತು.

ನಾಲ್ಕು ಗಂಟೆಗೆ ಎಲ್ಲರೂ ಮುಖ್ಯ ವೈದ್ಯೆಯ ಕೋಣೆಯಲ್ಲಿ ಸೇರಿದರು.

"ಅಪ್‌ಡೇಟ್ ಆದ ಮರುದಿನ ಈ ಕಟ್ಟಡದಲ್ಲಿ ನೆಮ್ಮದಿಯಾಗಿರೋರು ಯಾರೂ ಇಲ್ಲ" ಎಂದು ಅಕ್ಕ ಶುರುಮಾಡಿದಳು. "ಪ್ರತಿ ತಿಂಗಳೂ ಏನಾದರೊಂದು ಹೆಚ್ಚುಕಡಿಮೆ ಆಗತ್ತೆ. ಔಷಧಿ ಕೌಂಟರಿಂದಂತೂ ತಪ್ಪದೆ ದೂರು. ಈ ಒಂದು ವರ್ಷದಲ್ಲಿ ಇಪ್ಪತ್ತೊಂದು ಕಂಪ್ಯೂಟರುಗಳ ಬಗ್ಗೆ ಯಾರೋ ಒಬ್ರು ಗೊಣಗಿದಾರೆ. ಒಂದರ ಬಗ್ಗೆ ಮಾತ್ರ ಹನ್ನೊಂದು ತಿಂಗಳಿಂದ ಒಂದು ಸಾಲೂ ಇಲ್ಲ. ಯಾಕೆ? ಅಪ್‌ಡೇಟ್ ಆದ್ರೆ ತಾನೆ ತೊಂದರೆ ಆಗೋದು?"

"ಯಾರದ್ದು ಅದು?"

"ಕಡತ ವಿಭಾಗದ್ದು."

"ದೊಡ್ಡಪ್ಪಂದಾ?" ಸಿಸ್ಟಂ ಮೇಡಂ ಎದ್ದೇ ನಿಂತರು. "ಸಾಧ್ಯವೇ ಇಲ್ಲ! ಇಡೀ ಆಸ್ಪತ್ರೆಲಿ ನನ್ನ ಕೆಲಸ ಹೊಗಳೋರು ಅವರೊಬ್ರೇ."

"ಅದಕ್ಕೇ ಅವರ ಸಹಿನ ನೀವು ಎರಡನೇ ಸಲ ನೋಡಲಿಲ್ಲ. ಮೇಜಿನ ಕೆಳಗಿನ ವೈರಿನ ತುದೀಲಿ ಪುಟ್ಟ ಪ್ಲಾಸ್ಟಿಕ್ ಕೊಕ್ಕೆ ಇರಬೇಕು. ಅದು ಮುರಿದಿದೆ, ಟೇಪು ಅಂಟಿಸಿದಾರೆ. ತಿಂಗಳು ತಿಂಗಳೂ ಕಿತ್ತು ಸಿಕ್ಕಿಸಿದ್ರೆ ಕೊಕ್ಕೆ ಉಳಿಯಲ್ಲ. ಸ್ವಿಚ್ ಆರಿಸಿದ್ರೂ ಅಪ್‌ಡೇಟ್ ಬಂದೀತು ಅಂತ ಹೆದರಿ ಬುಧವಾರ ಸಂಜೆ ಕಿತ್ತದ್ದು, ಗುರುವಾರ ಬೆಳಿಗ್ಗೆ ಸಿಕ್ಕಿಸಿ ಬಟನ್ ಒತ್ತದೇ ಸಹಿ ಹಾಕಿದ್ದು. ಹಳೇ ತೂತು ಹಾಗೇ ಉಳೀತು, ಬೀಗ ಅಲ್ಲಿಂದಲೇ ಒಳಗೆ ಬಂತು. ಹೌದಾ ದೊಡ್ಡಪ್ಪ?"

ಅಕ್ಕ ವರ್ಷದ ಹಿಂದಿನ ಪುಟ ತೆಗೆದು ನನ್ನ ಕೈಗೆ ಕೊಟ್ಟಳು. ಗಟ್ಟಿಯಾಗಿ ಓದಿದೆ.

"'ಅಪ್‌ಡೇಟ್ ಆದ ಮೇಲೆ ಅಕ್ಷರಗಳು ಇರುವೆ ಗಾತ್ರ ಆಗಿವೆ. ದೊಡ್ಡದು ಮಾಡಿಕೊಡಿ — ಕಡತ ವಿಭಾಗ.' ಕೆಳಗೆ ಉತ್ತರ: 'ಮಾಡಿದೆ. ದೊಡ್ಡಪ್ಪನ ಕಣ್ಣಿಗೂ ಒಂದು ಅಪ್‌ಡೇಟ್ ಹಾಕಿಸಬೇಕು, ಹ್ಹ ಹ್ಹ!'"

ಓದುವಾಗ ನನಗೇ ನಾಚಿಕೆಯಾಯಿತು. ಊಟದ ಹೊತ್ತಿನಲ್ಲಿ ಆ ಪುಸ್ತಕ ಓದಿ ನಕ್ಕವನು ನಾನು. ಸಿಸ್ಟಂ ಮೇಡಂ ಬಾಯಿಗೆ ಕೈ ಒತ್ತಿಕೊಂಡರು. ಆ ಉತ್ತರ ಅವರದೇ ಕೈಬರಹದಲ್ಲಿತ್ತು.

"ಆ ವಾರವೆಲ್ಲ ಎಲ್ರೂ ನಕ್ಕರು" ಎಂದರು ದೊಡ್ಡಪ್ಪ. "ನಾನೂ ನಕ್ಕೆ. ಆದ್ರೆ ಕಣ್ಣು ಕಾಣದೋನನ್ನ ಕಡತ ನೋಡೋಕೆ ಯಾರು ಇಟ್ಕೋತಾರೆ? ಎಡ ಬಲ ತಪ್ಪಾಗಬಾರದು ಅಂತ ಒಂದೊಂದನ್ನೂ ಮೂರು ಸಲ ನೋಡ್ತಿದ್ದೆ. ವೈರು ಕಿತ್ರೆ ಅಕ್ಷರ ದೊಡ್ಡದಾಗೇ ಉಳೀತಿದ್ವು. ಇಷ್ಟೆಲ್ಲ ಆಗತ್ತೆ ಅಂತ ಗೊತ್ತಿರಲಿಲ್ಲ ಮಗಳೇ. ಬೆಳಗಿಂದ ಹೇಳಬೇಕು ಹೇಳಬೇಕು ಅಂತಾನೇ ಕೂತಿದ್ದೆ. ಬಾಯಿ ಬರಲಿಲ್ಲ."

ಮುಖ್ಯ ವೈದ್ಯೆ ಜೇಬಿನಿಂದ ಪುಟ್ಟ ಟಾರ್ಚ್ ತೆಗೆದು ಅವರ ಎರಡೂ ಕಣ್ಣು ನೋಡಿದರು.

"ಪೊರೆ" ಎಂದರು. "ವಾರಕ್ಕೆ ಐವತ್ತು ಜನರಿಗೆ ಇಲ್ಲಿ ಪೊರೆ ತೆಗೀತೀವಿ. ಅವರೆಲ್ಲರ ಕಡತ ನಮ್ಮ ಕೈಗೆ ಕೊಡೋರು ನೀವೇ. ನನ್ನ ಹತ್ರ ಒಂದು ಮಾತು ಹೇಳಬಾರದಾಗಿತ್ತಾ?" ಆಮೇಲೆ ಸಿಸ್ಟಂ ಮೇಡಮ್ಮನ ಕಡೆ ತಿರುಗಿದರು. "ನಾಳೆ ಬನ್ನಿ. ಇನ್ಮೇಲೆ ಸಹಿ ನಂಬಬೇಡಿ, ಕಂಪ್ಯೂಟರನ್ನೇ ನೋಡಿ."

ಮೂರು ತಿಂಗಳ ಮೇಲೆ ಸಿಸ್ಟಂ ಮೇಡಂ ಅಕ್ಕನ ಫೋನಿಗೆ ಒಂದು ಫೋಟೋ ಕಳಿಸಿದರು. ದೂರು ಪುಸ್ತಕದಲ್ಲಿ ಎರಡನೇ ಬುಧವಾರ ಕಳೆದು ಬಂದ ಗುರುವಾರದ ಪುಟ.

'ಕಣ್ಣಿಗೂ ಅಪ್‌ಡೇಟ್ ಆಯಿತು. ಅಕ್ಷರಗಳು ತೀರಾ ದೊಡ್ಡದಾಗಿವೆ. ಚಿಕ್ಕದು ಮಾಡಿಕೊಡಿ — ಕಡತ ವಿಭಾಗ.'

ಅದರ ಕೆಳಗೆ ಒಂದೇ ಪದದ ಉತ್ತರ: 'ಮಾಡಿದೆ.'