ಕೆಂಪು ಪಟ್ಟಿಯ ಪಿನ್

ನಾನು ವಾಯುಸೇನೆಯಲ್ಲಿ ಮೆಕ್ಯಾನಿಕ್ ಆಗಿದ್ದವನು. ಕಣ್ಣಿಗೆ ಕಾಣದ್ದನ್ನು ನಂಬುವವನಲ್ಲ. ಆದರೂ ಈ ಮೇ ತಿಂಗಳು ಪುಣೆಯ ವಿಮಾನ ಪ್ರದರ್ಶನದಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ನಿಂತ ವಿಮಾನದ ಚಕ್ರ ಮಡಚಿಕೊಳ್ಳದಂತೆ ಅದರ ಕಾಲಿಗೆ ಕೆಂಪು ಪಟ್ಟಿ ಕಟ್ಟಿದ ಪಿನ್ ಸಿಕ್ಕಿಸಿರುತ್ತಾರೆ. ವಿಮಾನ ಹೊರಡುವ ಮುನ್ನ ಅದನ್ನು ಕಿತ್ತು, ಮೇಲೆತ್ತಿ ಪೈಲಟ್‌ಗೆ ತೋರಿಸಬೇಕು. ವಿಮಾನ ಮರಳಿ ಬಂದು ನಿಂತ ಕೂಡಲೇ ಮತ್ತೆ ಸಿಕ್ಕಿಸಬೇಕು. ಅಲ್ಲಿಯವರೆಗೆ ಅದು ನಮ್ಮ ಜೇಬಿನಲ್ಲಿರುತ್ತದೆ. ನಲವತ್ತು ವರ್ಷಗಳ ಹಿಂದೆ ನಮ್ಮ ಪೈಲಟ್ ದಸ್ತೂರ್ ಸಾಹೇಬರು ಪಿನ್ ನೋಡಿ, ನಕ್ಕು, ಹೆಬ್ಬೆರಳೆತ್ತಿ ಹೋದರು. ಮರಳಲಿಲ್ಲ. ಆ ಪಿನ್ ಒಪ್ಪಿಸಲು ನನಗೆ ಮನಸ್ಸು ಬರಲಿಲ್ಲ.

ಪ್ರದರ್ಶನಕ್ಕೂ ಅದನ್ನು ಒಯ್ದಿದ್ದೆ. ಬೀಳದಿರಲೆಂದು ಮಗಳು ತ್ರಿವೇಣಿ ಅಂಗಿಯ ಜೇಬಿನ ಬಾಯನ್ನೇ ಹೊಲಿದಿದ್ದಳು.

ಸಾಹೇಬರದೇ ಮಾದರಿಯ ಮೂರು ಹಳೆಯ ವಿಮಾನಗಳು ಮಧ್ಯಾಹ್ನ ಹಾರಿದವು. ಮೂರೂ ಇಳಿದು, ಸಾಲಾಗಿ ನಿಂತು, ಎಂಜಿನ್ ಆರಿಸಿದವು. ಚಪ್ಪಾಳೆಯೂ ಮುಗಿಯಿತು. ಆಗ ನಾಲ್ಕನೆಯದರ ಸದ್ದು ಬಂತು. ಸದ್ದು ಮಾತ್ರ ಸಾಲಿನ ಕೊನೆಯ ಖಾಲಿ ಜಾಗದವರೆಗೂ ಬಂದು ನಿಂತಿತು. ಆ ಸುಡುಬಿಸಿಲಿನಲ್ಲಿ ಅಲ್ಲಿಂದ ತಣ್ಣನೆಯ ಗಾಳಿ ಬೀಸಿತು. ಬಲು ಎತ್ತರದಿಂದ ಆಗಷ್ಟೇ ಇಳಿದ ವಿಮಾನದ ಮೈಗೆ ಅಂಥ ತಂಪಿರುತ್ತದೆ.

ತ್ರಿವೇಣಿ ನನ್ನ ತೋಳು ಹಿಡಿದಳು. "ಅಪ್ಪಾ, ಖಾಲಿ ಜಾಗಾ ನೋಡಿ ಯಾಕ ಅಳಾಕತ್ತೀರಿ?"

"ಆ ಸದ್ದು ನಿನಗ ಕೇಳಸಲಿಲ್ಲೇನವಾ?"

"ಎಲ್ಲಾ ಬಂದ್ ಆಗ್ಯಾವಲ್ರೀ. ನಡೀರಿ, ಬಿಸಲು ಭಾಳ ಅದ."

ಕಾತ್ರಜದ ಮನೆಗೆ ಬಂದು ಅಂಗಿ ಕಳಚಿದೆ. ಅವಳು ಹಾಕಿದ ಹೊಲಿಗೆಯ ಒಂದೆಳೆಯೂ ಬಿಚ್ಚಿರಲಿಲ್ಲ. ಜೇಬಿನಲ್ಲಿ ಪಿನ್ ಇರಲಿಲ್ಲ.