ಬೋಟಿಗೆ ಎಸೆದ ಬುಟ್ಟಿ

ಬೋಟು ದಡಕ್ಕೆ ತಾಗುವ ಮೊದಲೇ ಆತ್ರೇಯ ಜನರ ನಡುವೆ ನುಗ್ಗಿದ.

"ಅಜ್ಜಿ, ಬುಟ್ಟಿ ಕೊಡು. ಸೀಟ್ ಹಿಡೀತೀನಿ."

"ನಿಧಾನ ಕಣೋ, ಅದ್ರಲ್ಲಿ ನನ್ ಕನ್ನಡಕ ಇದೆ," ಎಂದರು ರಂಗನಾಯಕಿ ಅಜ್ಜಿ.

ಆತ್ರೇಯನಿಗೆ ಇದೇನು ಹೊಸದಲ್ಲ. ಮಲ್ಲೇಶ್ವರಂ ಹದಿನೆಂಟನೇ ಕ್ರಾಸಿನಲ್ಲಿ ಬಸ್ಸು ನಿಲ್ಲುವಷ್ಟರಲ್ಲಿ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಂಡಿನೋವಿನ ಅಜ್ಜಿ ಒಂದು ದಿನವೂ ಬಸ್ಸಿನಲ್ಲಿ ನಿಂತುಕೊಂಡು ಹೋಗಿರಲಿಲ್ಲ. ಇಲ್ಲಿ ಗಾಳಿಗೆ ಕರ್ಚೀಫ್ ಹಾರಿಹೋಗುತ್ತದೆ. ಅದಕ್ಕೇ ವೈರ್ ಬುಟ್ಟಿ.

ಗಂಗೊಳ್ಳಿಯಲ್ಲಿ ಅಪ್ಪನ ಸ್ನೇಹಿತರ ಮನೆಯ ಮದುವೆ ಮುಗಿಸಿ ಅಪ್ಪ, ಅಜ್ಜಿ, ಆತ್ರೇಯ ಮೂವರೂ ಕುಂದಾಪುರಕ್ಕೆ ಹೊರಟಿದ್ದರು. ನೀರು ದಾಟಿದರೆ ಅಜ್ಜಿಯ ಅಕ್ಕನ ಮನೆ. ಎಷ್ಟೋ ವರ್ಷದ ಮೇಲೆ ನೋಡುವ ಅಕ್ಕನ ಮುಖ ಸರಿಯಾಗಿ ಕಾಣಲಿ ಎಂದೇ ಅಜ್ಜಿ ಹೊಸ ಕನ್ನಡಕ ಮಾಡಿಸಿಕೊಂಡಿದ್ದರು. ನೀರಿಗೆ ಬಿದ್ದೀತೆಂದು ತೆಗೆದು ಬುಟ್ಟಿಯಲ್ಲಿಟ್ಟಿದ್ದರು.

ಆತ್ರೇಯ ಗುರಿಯಿಟ್ಟು ಎಸೆದ. ಅಲೆಗೆ ಬೋಟು ಆಚೆ ಸರಿಯಿತು. ಬುಟ್ಟಿ ಅಂಚಿಗೆ ಬಡಿದು ನೀರಿಗೆ ಬಿತ್ತು.

ಅಪ್ಪ ಬೋಟಿನವನನ್ನು ಕೂಗಿದರು. ಅಜ್ಜಿ ಕಣ್ಣು ಕಿರಿದು ಮಾಡಿ, "ಎಲ್ಲಿದೆಯೋ? ನಂಗೆ ಕಾಣ್ತಿಲ್ಲ," ಎಂದರು.

ಬೋಟಿನವನು ಉದ್ದನೆಯ ಗಳ ಚಾಚಿದ. ತಪ್ಪಿತು. ಬುಟ್ಟಿ ವಾಲಿ, ಚಪಾತಿ ಪೊಟ್ಟಣ ತೇಲಿಹೋಯಿತು. ಎರಡನೇ ಸಲ ಬುಟ್ಟಿಯ ಹಿಡಿ ಗಳಕ್ಕೆ ಸಿಕ್ಕಿತು. ತಳದಲ್ಲಿ, ಒದ್ದೆ ಶಾಲಿನ ಕೆಳಗೆ ಕನ್ನಡಕದ ಡಬ್ಬಿ ಇತ್ತು. ಆತ್ರೇಯ ಆಗ ಉಸಿರು ಬಿಟ್ಟ.

ಬೋಟು ಹತ್ತಿದಾಗ ಮೀನು ಮಾರುವ ಹೆಂಗಸೊಬ್ಬಳು ಸರಿದು ಕೂತು, ಅಜ್ಜಿಯನ್ನು ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

"ಕೇಳಿದ್ರೆ ಜಾಗ ಕೊಡ್ತಿಲ್ಯಾ ಮಾಣಿ? ಬುಟ್ಟಿ ಬಿಸಾಡುದೆಂತಕ್ಕೆ?"

ಎಲ್ಲರೂ ನಕ್ಕರು. ಆತ್ರೇಯನ ಕಿವಿ ಬಿಸಿಯಾಯಿತು. ಅಜ್ಜಿ ಕನ್ನಡಕ ಒರೆಸಿ ಹಾಕಿಕೊಂಡು ದೂರದ ದಡ ನೋಡಿದರು.

"ಉಪ್ಪುನೀರಿನ ಕಲೆ ಒರೆಸಿದ್ರೂ ಹಾಗೇ ಇದೆ. ಹೋಗ್ಲಿ ಬಿಡು, ನಮ್ಮಕ್ಕ ಸ್ವಲ್ಪ ಬೆಳ್ಳಗೆ ಕಾಣ್ತಾಳೆ."

ಬೆಂಗಳೂರಿಗೆ ವಾಪಸಾದ ಬೆಳಿಗ್ಗೆ, ಮೆಜೆಸ್ಟಿಕ್ಕಿನಲ್ಲಿ ಮಲ್ಲೇಶ್ವರಂ ಬಸ್ಸು ನಿಲ್ಲುವ ಮೊದಲೇ ಜನ ಮುತ್ತಿಕೊಂಡರು. ಕಿಟಕಿಗಳೊಳಗೆ ಕರ್ಚೀಫು, ಟವೆಲ್ಲು, ಚೀಲ ಬಿದ್ದವು.

"ಬೇಗ ಎಸಿಯೋ," ಎಂದರು ಅಪ್ಪ.

ಆತ್ರೇಯ ಎಸೆಯಲಿಲ್ಲ. ಅಜ್ಜಿಯ ಕೈ ಹಿಡಿದು ಬಾಗಿಲಿನಿಂದ ಹತ್ತಿದ. ಒಂದು ಸೀಟೂ ಖಾಲಿ ಇರಲಿಲ್ಲ. ಕಾಲೇಜು ಹುಡುಗನೊಬ್ಬ ಕಿಟಕಿಯಾಚೆ ನೋಡುತ್ತಾ ಕೂತಿದ್ದ. ಎಷ್ಟೊಂದು ಸೀಟು ಹಿಡಿದಿದ್ದ, ಯಾರನ್ನೂ ಒಂದು ಸೀಟು ಕೇಳಿರಲಿಲ್ಲ.

"ಅಣ್ಣಾ, ನಮ್ಮಜ್ಜಿಗೆ ಮಂಡಿ ನೋವು. ಜಾಗ ಕೊಡ್ತೀರಾ?"

"ಅಯ್ಯೋ, ಬನ್ನಿ ಅಜ್ಜಿ," ಎಂದು ಅವನು ಎದ್ದ.

ಅಷ್ಟೇ.

ಅಜ್ಜಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡರು. ಆತ್ರೇಯ ಕಂಬಿ ಹಿಡಿದು ನಿಂತ. ತಿರುವಿನಲ್ಲಿ ಬಸ್ಸು ಬೋಟಿನ ಹಾಗೆಯೇ ತೂಗಿತು. ಅವನ ಜೇಬಿನಲ್ಲಿ ಕರ್ಚೀಫು ಮಡಿಕೆ ಬಿಚ್ಚದೆ ಹಾಗೇ ಇತ್ತು.